ಸಭಾಂಗಣದ ಕರಾರುಪತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಮ್ಮೇಳನಕ್ಕೋ ಸಮಾರಂಭಕ್ಕೋ ಸ್ಥಳ ಗೊತ್ತುಮಾಡುವಾಗ ಸಹಿ ಹಾಕಬೇಕಾಗುವ ಕರಾರಿನ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಇದನ್ನು ಕರಾರು ಓದುವ ಕ್ರಮವೆಂದಷ್ಟೇ ತಿಳಿಯಬೇಕು. ಮೊತ್ತ ದೊಡ್ಡದಿದ್ದಲ್ಲಿ ಸಹಿಗೆ ಮೊದಲು ವಕೀಲರೊಬ್ಬರಿಗೆ ತೋರಿಸಿಕೊಳ್ಳುವುದೇ ಲೇಸು.

ಪ್ರಶ್ನೆ: ನಮ್ಮದು ಸಣ್ಣ ಸಂಘ. ಎರಡು ದಿನಗಳ ಸಮ್ಮೇಳನಕ್ಕೆಂದು ನೋಡಿದ ಸಭಾಂಗಣದವರು "ನಿಮಗಾಗಿ ದಿನಾಂಕ ಹಿಡಿದಿಟ್ಟಿದ್ದೇವೆ" ಎಂದು ಫೋನಿನಲ್ಲಿ ಹೇಳಿ, ಹನ್ನೊಂದು ಪುಟಗಳ ಕರಾರು ಕಳುಹಿಸಿದ್ದಾರೆ. ಎರಡು ದಿನಗಳಲ್ಲಿ ಸಹಿ ಮಾಡಿ ಮುಂಗಡ ಕಟ್ಟಬೇಕಂತೆ. ಎಲ್ಲಿಂದ ಓದಲು ಆರಂಭಿಸಬೇಕು?

ಉತ್ತರ: ಓದುವುದಕ್ಕೆ ಮೊದಲು ಫೋನಿನ ಮಾತನ್ನು ಇತ್ಯರ್ಥ ಮಾಡಿಕೊಳ್ಳಿ. ದಿನಾಂಕ ಹಿಡಿದಿಡುವುದು ಬೇರೆ, ಬುಕ್ ಮಾಡುವುದು ಬೇರೆ. ಸಭಾಂಗಣದವರು ಒಂದೇ ದಿನಾಂಕವನ್ನು ಮೊದಲ ಸರದಿ, ಎರಡನೆಯ ಸರದಿ ಎಂದು ಇಬ್ಬರು ಮೂವರಿಗೆ ಹಿಡಿದಿಟ್ಟಿರುವುದುಂಟು. ನಡುವೆ ಯಾರಾದರೂ ಹಣ ಹಿಡಿದುಕೊಂಡು ಬಂದರೆ ಮೊದಲ ಸರದಿಯವರಿಗೆ ಒಂದೆರಡು ದಿನಗಳ ಗಡುವು ಕೊಡುವುದು ಈ ವ್ಯವಹಾರದ ರೂಢಿ. ನಿಮಗೆ ಕೊಟ್ಟಿರುವ ಎರಡು ದಿನ ಅಂಥ ಗಡುವೋ, ಬರಿಯ ಅವಸರವೋ ಎಂದು ನೇರವಾಗಿ ಕೇಳಿ. ಬೇರೆ ಯಾರೂ ಕಾದಿಲ್ಲವೆಂದಾದರೆ ಒಂದು ವಾರದ ಕಾಲಾವಕಾಶ ಕೇಳಿ, ಇಂಥ ದಿನದವರೆಗೆ ಈ ದಿನಾಂಕ ನಮ್ಮದೇ ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಸಹಿ ಬೀಳುವವರೆಗೆ ಅಗತ್ಯವಿರುವುದು ಅವರಿಗೆ. ಸಹಿ ಬಿದ್ದು ಮುಂಗಡ ಸಂದಾಯವಾದ ಮೇಲೆ ನೀವು ಕೇಳುವುದೆಲ್ಲ ಬೇಡಿಕೆಯಾಗಿರುವುದಿಲ್ಲ, ವಿನಂತಿಯಾಗಿರುತ್ತದೆ.

ಇನ್ನು ಓದುವ ಕ್ರಮ. ನಾನು ಯಾವ ಕರಾರನ್ನೂ ಮೊದಲ ಪುಟದಿಂದ ಓದುವುದಿಲ್ಲ. ರದ್ದತಿಯ ಷರತ್ತನ್ನು ಮೊದಲು ಹುಡುಕುತ್ತೇನೆ, ಆಮೇಲೆ ಹಾನಿ ಹೊಣೆಯದು, ಆಮೇಲೆ ಪಾವತಿಯದು, ಕೊನೆಗೆ ಸಭಾಂಗಣದ ವರ್ಣನೆ. ಕಾರ್ಯಕ್ರಮ ಸುಸೂತ್ರವಾಗಿ ನಡೆದರೆ ಕರಾರಿನ ಹೆಚ್ಚಿನ ಪುಟಗಳನ್ನು ಯಾರೂ ತೆರೆಯುವುದೇ ಇಲ್ಲ. ಅವು ಬರೆಯಲ್ಪಟ್ಟಿರುವುದೇ ಏನಾದರೂ ಕೆಟ್ಟಾಗ ಯಾರ ಕೈಯಿಂದ ಎಷ್ಟು ಹೋಗಬೇಕು ಎಂಬುದನ್ನು ತೀರ್ಮಾನಿಸಲಿಕ್ಕೆ.

ಸಭಾಂಗಣದ ವರ್ಣನೆ ಕೊನೆಗೆ ಬಂದರೂ ಅದನ್ನು ಹಗುರವಾಗಿ ಬಿಡಬೇಡಿ. ನೀವು ನೋಡಿ ಮೆಚ್ಚಿದ ಕೋಣೆಯ ಹೆಸರು, ಮಹಡಿ, ಆಸನಗಳ ಸಂಖ್ಯೆ ಅಲ್ಲಿ ಇರಬೇಕು. ಎಷ್ಟೋ ಕರಾರುಗಳಲ್ಲಿ "ಅಗತ್ಯ ಬಿದ್ದರೆ ಸಮಾನವಾದ ಬೇರೆ ಸ್ಥಳವನ್ನು ಒದಗಿಸುವ ಹಕ್ಕು ನಮಗಿದೆ" ಎಂಬ ಸಾಲೊಂದು ಸೇರಿರುತ್ತದೆ. ಸಮಾನ ಎಂದು ತೀರ್ಮಾನಿಸುವವರು ಯಾರೆಂದು ಅದರಲ್ಲಿ ಇರುವುದಿಲ್ಲ. "ಬಾಡಿಗೆದಾರರ ಲಿಖಿತ ಒಪ್ಪಿಗೆಯ ಮೇರೆಗೆ, ಒಪ್ಪಿಗೆಯಾಗದಿದ್ದರೆ ಕಟ್ಟಿದ ಹಣವೆಲ್ಲ ವಾಪಸು" ಎಂಬ ಮಾತನ್ನು ಅದಕ್ಕೆ ಸೇರಿಸಿ. ಆಸನ ಸಂಖ್ಯೆಯಲ್ಲಿಯೂ ಒಂದು ಸೂಕ್ಷ್ಮವಿದೆ: ಸಾಲುಕುರ್ಚಿ ಹಾಕಿದರೆ 300 ಜನ ಕೂರುವ ಕೋಣೆಯಲ್ಲಿ ಮೇಜುಗಳನ್ನೂ ಹಾಕಿದರೆ ಅದರ ಅರ್ಧದಷ್ಟು ಜನ ಹಿಡಿಯುವುದೂ ಕಷ್ಟವಾಗಬಹುದು. ಅಗ್ನಿಸುರಕ್ಷತೆಯ ನಿಯಮದಂತೆ ಒಳಗೆ ಎಷ್ಟು ಜನರಿಗೆ ಅನುಮತಿ ಇದೆ ಎಂಬ ಸಂಖ್ಯೆಯಂತೂ ಬೇರೆಯೇ. ಮೂರನ್ನೂ ಕೇಳಿ ಬರೆಸಿಕೊಳ್ಳಿ.

ಹನ್ನೊಂದು ಪುಟಗಳಲ್ಲಿ ಎಲ್ಲಿಯಾದರೂ "ಸಂಸ್ಥೆಯ ಸಾಮಾನ್ಯ ನಿಯಮಗಳು ಈ ಕರಾರಿನ ಭಾಗವಾಗಿರುತ್ತವೆ" ಎಂದಿದ್ದರೆ ನಿಮ್ಮ ಕರಾರು ಹನ್ನೊಂದು ಪುಟದ್ದಲ್ಲ. ಆ ನಿಯಮಗಳ ಇಂದಿನ ಪ್ರತಿಯನ್ನು ತರಿಸಿ ಅನುಬಂಧವಾಗಿ ಲಗತ್ತಿಸಿಕೊಳ್ಳಿ. "ಕಾಲಕಾಲಕ್ಕೆ ಬದಲಾಗುವ" ಎಂಬ ವಿಶೇಷಣವಿದ್ದರೆ ಅದನ್ನು ಹೊಡೆದುಹಾಕಿಸಿ. ಸಹಿಯ ಜಾಗದಲ್ಲಿ ಸಂಘದ ಹೆಸರು, ಅದರ ಕೆಳಗೆ "ಸಂಘದ ಪರವಾಗಿ, ಕಾರ್ಯದರ್ಶಿ" ಎಂಬ ಒಕ್ಕಣೆ ಇರಲಿ, ಹಾಗೆ ಸಹಿ ಮಾಡಲು ಸಂಘದ ನಿರ್ಣಯವೂ ಇರಲಿ. ಬರಿಯ ನಿಮ್ಮ ಹೆಸರಿದ್ದರೆ ಸಂಘದ ಸಾಲ ನಿಮ್ಮ ಮನೆಬಾಗಿಲಿಗೆ ಬರುವ ಸಾಧ್ಯತೆಯಿದೆ.

ಪ್ರಶ್ನೆ: ಕಾರ್ಯಕ್ರಮಕ್ಕೆ ಆರು ತಿಂಗಳಿಗಿಂತ ಮೊದಲು ರದ್ದುಮಾಡಿದರೆ ಶೇ 25, ಆರರಿಂದ ಮೂರು ತಿಂಗಳ ನಡುವೆ ಶೇ 50, ಆ ಬಳಿಕ ಶೇ 100 ಕೊಡಬೇಕೆಂದು ನಮ್ಮ ಕರಾರಿನಲ್ಲಿದೆ. ಇದು ಅನ್ಯಾಯವಲ್ಲವೆ?

ಉತ್ತರ: ಮೆಟ್ಟಿಲು ಮೆಟ್ಟಿಲಾಗಿ ಏರುವ ಇಂಥ ದರ ತನ್ನಷ್ಟಕ್ಕೆ ಅನ್ಯಾಯವಲ್ಲ. ದಿನಾಂಕ ಹತ್ತಿರವಾದಷ್ಟೂ ಕೋಣೆಗೆ ಇನ್ನೊಬ್ಬ ಗಿರಾಕಿ ಸಿಗುವುದು ಕಷ್ಟವೆಂಬುದು ನಿಜ. ನೀವು ಕೇಳಬೇಕಾದದ್ದು, ಶೇಕಡಾ ಇಷ್ಟು ಎನ್ನುವುದು ಯಾವುದರ ಮೇಲೆ ಎಂದು. ಬಾಡಿಗೆಯ ಮೇಲೋ, ಊಟ, ವಸತಿ, ಧ್ವನಿವರ್ಧಕ ಎಲ್ಲ ಸೇರಿದ ಅಂದಾಜು ಮೊತ್ತದ ಮೇಲೋ? ಕೋಣೆ ಖಾಲಿ ಬಿದ್ದರೆ ಬಾಡಿಗೆ ಪೂರ್ತಿ ಹೋದಂತೆಯೇ ಸರಿ. ಆದರೆ ಅಡುಗೆಯೇ ಆಗದ ಊಟಕ್ಕೆ ಅಕ್ಕಿಬೇಳೆಯ ಖರ್ಚೂ ಇಲ್ಲ, ಬಡಿಸುವವರ ಕೂಲಿಯೂ ಇಲ್ಲ. ಅಲ್ಲಿ ಅವರಿಗೆ ತಪ್ಪಿದ್ದು ಲಾಭ ಮಾತ್ರ. ಆದ್ದರಿಂದ ಬಾಡಿಗೆಗೆ ಒಂದು ದರ, ಊಟಕ್ಕೆ ಅದಕ್ಕಿಂತ ಬಹಳ ಕಡಿಮೆಯ ಇನ್ನೊಂದು ದರ ಎಂದು ಬೇರ್ಪಡಿಸಿ ಕೇಳಿ. ನನ್ನ ಅನುಭವದಲ್ಲಿ ಈ ಬೇಡಿಕೆಗೆ ಬಹಳ ಮ್ಯಾನೇಜರರು ಒಪ್ಪುತ್ತಾರೆ, ಏಕೆಂದರೆ ಅದಕ್ಕೆ ಎದುರುವಾದವಿಲ್ಲ.

ಎರಡನೆಯದು, ನೀವು ಬಿಟ್ಟುಕೊಟ್ಟ ದಿನಾಂಕ ಮತ್ತೊಬ್ಬರಿಗೆ ಬಾಡಿಗೆಗೆ ಹೋದರೆ, ಅಲ್ಲಿಂದ ಬಂದ ಹಣವನ್ನು ನಿಮ್ಮ ಬಾಕಿಯಲ್ಲಿ ಕಳೆಯಬೇಕೆಂಬ ಷರತ್ತನ್ನು ಸೇರಿಸಿ. ಇದಿಲ್ಲದಿದ್ದರೆ ಒಂದೇ ಕೋಣೆಗೆ ಒಂದೇ ದಿನ ಇಬ್ಬರಿಂದ ಬಾಡಿಗೆ ಬಂದಂತಾಗುತ್ತದೆ. ಮೂರನೆಯದು, ದಿನ ಎಣಿಸುವುದು ನೀವು ಇಮೇಲ್ ಕಳುಹಿಸಿದ ದಿನದಿಂದಲೋ, ಅವರು ಸ್ವೀಕರಿಸಿದೆವೆಂದ ದಿನದಿಂದಲೋ ಸ್ಪಷ್ಟವಿರಲಿ. ಮೆಟ್ಟಿಲಿನ ಅಂಚಿನಲ್ಲಿ ಒಂದು ದಿನದ ವ್ಯತ್ಯಾಸಕ್ಕೆ ಶೇ 25ರ ಬದಲು ಶೇ 50 ಕಟ್ಟಬೇಕಾದೀತು. ಮುಂದೂಡಿಕೆಯನ್ನು ರದ್ದತಿಯೆಂದು ಎಣಿಸಬಾರದು, ಒಂದು ಸಲವಾದರೂ ಮುಂಗಡವನ್ನು ಹೊಸ ದಿನಾಂಕಕ್ಕೆ ವರ್ಗಾಯಿಸಿಕೊಡಬೇಕು ಎಂಬುದನ್ನೂ ಕೇಳಬಹುದು.

ಅವರೇ ರದ್ದು ಮಾಡಿದರೆ ಏನೆಂಬುದನ್ನು ನಿಮ್ಮ ಪತ್ರದಲ್ಲಿ ಬರೆದಿಲ್ಲ, ಬಹುಶಃ ಕರಾರಿನಲ್ಲಿಯೂ ಬರೆದಿಲ್ಲ. "ಮುಂಗಡವನ್ನು ಮಾತ್ರ ಹಿಂದಿರುಗಿಸಲಾಗುವುದು" ಎಂದಷ್ಟೇ ಇರುವುದು ಸಾಮಾನ್ಯ. ಹದಿನೈದು ದಿನ ಮೊದಲು ಸಭಾಂಗಣ ಕೈಕೊಟ್ಟರೆ ಮುಂಗಡದಿಂದ ಬೇರೆ ಜಾಗ ಸಿಗುವುದಿಲ್ಲ. ಹೊಸ ಜಾಗದ ಹೆಚ್ಚುವರಿ ಬಾಡಿಗೆ, ಆಮಂತ್ರಣವನ್ನು ಮರುಮುದ್ರಿಸುವ ವೆಚ್ಚ ಇವೂ ಸೇರಬೇಕು. ರದ್ದತಿಯ ಮೆಟ್ಟಿಲು ಎರಡೂ ಕಡೆಗೆ ಇರಲಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಪ್ರಶ್ನೆ: ಕರಾರಿನಲ್ಲಿ "ದೈವಾಧೀನ ಘಟನೆ"ಗಳ ಷರತ್ತು ಇದೆಯಲ್ಲ, ಹಾಗಿದ್ದ ಮೇಲೆ ಚಿಂತೆಯಿಲ್ಲ ಎನ್ನುತ್ತಾರೆ ನಮ್ಮ ಸಮಿತಿಯವರು. ಮುಖ್ಯ ಅತಿಥಿ ಕಾಯಿಲೆ ಬಿದ್ದು ಬರಲಾಗದಿದ್ದರೆ ಅದರಡಿ ಹಣ ವಾಪಸು ಬರುತ್ತದೆಯೆ?

ಉತ್ತರ: ಸಾಮಾನ್ಯವಾಗಿ ಬರುವುದಿಲ್ಲ. ಆ ಷರತ್ತಿನಲ್ಲಿ ಯಾವ ಘಟನೆಗಳ ಹೆಸರಿದೆ, ಹೆಸರಿರುವ ಘಟನೆ ಸಂಭವಿಸಿದಾಗ ಹಣದ ಗತಿ ಏನು ಎಂಬ ಎರಡನ್ನೂ ಓದಿದ ಮೇಲಷ್ಟೇ ಚಿಂತೆ ಬಿಡಬೇಕು. ಇದನ್ನು ವಿವರಿಸಲು ಲಂಡನ್ನಿನ ಕೆಲವು ಹಳೆಯ ಮೊಕದ್ದಮೆಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಇವೆಲ್ಲವೂ ಕಾರ್ಯಕ್ರಮಕ್ಕೆಂದು ಜಾಗ ಬಾಡಿಗೆಗೆ ಹಿಡಿದವರ ಕಥೆಗಳೇ.

1861ರಲ್ಲಿ ಟೇಲರ್ ಎಂಬವರು ಸರ್ರೆ ಗಾರ್ಡನ್ಸ್ ಸಂಗೀತ ಸಭಾಂಗಣವನ್ನು ನಾಲ್ಕು ದಿನಗಳ ಕಛೇರಿಗೆ ದಿನಕ್ಕೆ 100 ಪೌಂಡ್‌ನಂತೆ ಗೊತ್ತುಮಾಡಿದರು. ಮೊದಲ ಕಛೇರಿ ಜೂನ್ 17ಕ್ಕೆ. ಜೂನ್ 11ರಂದು ಸಭಾಂಗಣ ಸುಟ್ಟುಹೋಯಿತು. ಒಪ್ಪಂದದಲ್ಲಿ "ದೇವರ ಚಿತ್ತವಿದ್ದರೆ" ಎಂಬ ಮಾತಿತ್ತಾದರೂ ಬೆಂಕಿಯ ಬಗ್ಗೆ ಒಂದು ಷರತ್ತೂ ಇರಲಿಲ್ಲ. ಜಾಹೀರಾತು ಮತ್ತು ಸಿದ್ಧತೆಗೆ ಮಾಡಿದ ಖರ್ಚನ್ನು ಕೊಡಿಸಬೇಕೆಂದು ಟೇಲರ್ ದಾವೆ ಹೂಡಿದರು. 1863ರಲ್ಲಿ ಬಂದ ತೀರ್ಪಿನಂತೆ, ಯಾರ ತಪ್ಪೂ ಇಲ್ಲದೆ ಸಭಾಂಗಣವೇ ಇಲ್ಲವಾದ್ದರಿಂದ ಇಬ್ಬರೂ ಕರಾರಿನಿಂದ ಬಿಡುಗಡೆಯಾದರು. ಅಂದರೆ ಟೇಲರ್ ಬಾಡಿಗೆ ಕೊಡಬೇಕಾಗಿರಲಿಲ್ಲ, ಆದರೆ ಅವರ ಖರ್ಚು ಅವರ ತಲೆಯ ಮೇಲೆಯೇ ಉಳಿಯಿತು. ಸಭಾಂಗಣಕ್ಕೆ ಬೆಂಕಿ ಬಿದ್ದಾಗ ಕಾನೂನು ತನ್ನಷ್ಟಕ್ಕೆ ಕೊಡುವ ರಕ್ಷಣೆ ಇಷ್ಟೇ.

ಎರಡನೆಯ ಪ್ರಕರಣ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ್ದು. ಮೆರವಣಿಗೆ ನೋಡಲೆಂದು ಹೆನ್ರಿ ಎಂಬವರು ಪಾಲ್ ಮಾಲ್ ಬೀದಿಯ ಮನೆಯೊಂದರ ಕೋಣೆಗಳನ್ನು 1902ರ ಜೂನ್ 26 ಮತ್ತು 27ರ ಹಗಲಿಗೆ 75 ಪೌಂಡ್‌ಗೆ ಗೊತ್ತುಮಾಡಿ 25 ಪೌಂಡ್ ಮುಂಗಡ ಕೊಟ್ಟರು. ದೊರೆಗೆ ಕಾಯಿಲೆಯಾಗಿ ಶಸ್ತ್ರಚಿಕಿತ್ಸೆ ನಡೆದು ಮೆರವಣಿಗೆ ನಿಂತುಹೋಯಿತು. ಉಳಿದ 50 ಪೌಂಡ್‌ಗಾಗಿ ಮನೆಯವರು ದಾವೆ ಹಾಕಿದರು. ಪಟ್ಟಾಭಿಷೇಕದ ಉಲ್ಲೇಖವೇ ಇಲ್ಲದ ಕಾಗದಗಳ ಮೇಲೆ ನಡೆದ ಈ ವ್ಯವಹಾರದಲ್ಲಿ, ಮೆರವಣಿಗೆಯೇ ಇಬ್ಬರೂ ಬಲ್ಲ ಆಧಾರವಾಗಿತ್ತೆಂದು 1903ರಲ್ಲಿ ನ್ಯಾಯಾಲಯ ಹೆನ್ರಿಯ ಪರವಾಗಿ ತೀರ್ಮಾನಿಸಿತು. ಅದೇ ವರ್ಷ ಅದೇ ಪಟ್ಟಾಭಿಷೇಕದ ಇನ್ನೊಂದು ಮೊಕದ್ದಮೆಯಲ್ಲಿ ಫಲ ತಿರುವುಮುರುವಾಯಿತು. ದೊರೆ ನಡೆಸಬೇಕಿದ್ದ ನೌಕಾಪಡೆಯ ತಪಾಸಣೆಯನ್ನು ತೋರಿಸಲು, ಹಡಗುಗಳ ಸುತ್ತ ಪ್ರಯಾಣ ಮಾಡಿಸಲು ಹಟ್ಟನ್ ಎಂಬವರು ಉಗಿದೋಣಿ ಬಾಡಿಗೆಗೆ ಹಿಡಿದಿದ್ದರು. ತಪಾಸಣೆ ರದ್ದಾದರೂ ಹಡಗುಗಳು ಅಲ್ಲಿಯೇ ಲಂಗರು ಹಾಕಿ ನಿಂತಿದ್ದವಲ್ಲ, ನೋಡಬಹುದಾಗಿತ್ತಲ್ಲ ಎಂದು ನ್ಯಾಯಾಲಯ ಅವರ ಮೇಲೆ ಹೊಣೆ ಹೊರಿಸಿತು.

ನಿಮ್ಮ ಮುಖ್ಯ ಅತಿಥಿಯ ಸಂಗತಿ ಹಟ್ಟನ್ ಅವರದಕ್ಕೆ ಹತ್ತಿರದ್ದು. ಅತಿಥಿ ಬಾರದಿದ್ದರೂ ಸಭಾಂಗಣ ಇದೆ, ಸಭಿಕರಿದ್ದಾರೆ, ಬೇರೆ ಭಾಷಣಕಾರರಿದ್ದಾರೆ. ಒಬ್ಬರೇ ಕಲಾವಿದರ ಕಛೇರಿಯಾಗಿದ್ದು, ಅವರಿಲ್ಲದೆ ಕಾರ್ಯಕ್ರಮಕ್ಕೆ ಅರ್ಥವೇ ಇಲ್ಲವೆಂದಾದರೆ ಆ ಮಾತನ್ನು ಹೆಸರು ಸಮೇತ ಕರಾರಿನಲ್ಲಿ ಬರೆಸಬೇಕು. ನ್ಯಾಯಾಧೀಶರು ಊಹಿಸಿಕೊಂಡಾರೆಂದು ಕಾಯುವುದು ಜೂಜು.

ಮುಂಗಡದ ಗತಿಯನ್ನೂ ಆ ಮೆರವಣಿಗೆಯೇ ತೋರಿಸಿಕೊಟ್ಟಿತು. 1904ರ ಇನ್ನೊಂದು ತೀರ್ಪಿನಲ್ಲಿ, ಮೆರವಣಿಗೆ ನಿಲ್ಲುವುದಕ್ಕೆ ಮೊದಲೇ ಕಟ್ಟಿದ ಹಣ ವಾಪಸಿಲ್ಲ, ಆಗಲೇ ಕಟ್ಟಬೇಕಾಗಿದ್ದ ಬಾಕಿಯನ್ನೂ ಕಟ್ಟಬೇಕು ಎಂದಾಯಿತು. ಇಂಗ್ಲೆಂಡಿನಲ್ಲಿ ಈ ನಿಯಮ ಬಿದ್ದುಹೋಗಲು 1942ರವರೆಗೆ ಕಾಯಬೇಕಾಯಿತು. ಆದ್ದರಿಂದ "ಇಂಥ ಘಟನೆ ಸಂಭವಿಸಿದಲ್ಲಿ ಎರಡೂ ಪಕ್ಷಗಳು ಹೊಣೆಯಿಂದ ಮುಕ್ತ" ಎಂದಷ್ಟಕ್ಕೆ ತೃಪ್ತರಾಗಬೇಡಿ. "ಮತ್ತು ಅಲ್ಲಿಯವರೆಗೆ ಸಂದಾಯವಾದ ಹಣವನ್ನು 30 ದಿನಗಳೊಳಗೆ ಹಿಂದಿರುಗಿಸತಕ್ಕದ್ದು" ಎಂಬ ಬಾಲ ಇಲ್ಲದಿದ್ದರೆ, ಹೊಣೆಯಿಂದ ಮುಕ್ತರಾದವರು ನಿಮ್ಮ ಮುಂಗಡವನ್ನು ಇಟ್ಟುಕೊಂಡೇ ಮುಕ್ತರಾಗುತ್ತಾರೆ.

ಕೊನೆಯದಾಗಿ, ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್ ಅನ್ನು ಜಾಗತಿಕ ಪಿಡುಗೆಂದು ಕರೆದಾಗ ಎಷ್ಟೋ ಸಂಘಟಕರು ತಮ್ಮ ಕರಾರು ತೆರೆದು ನೋಡಿದರೆ, ಭೂಕಂಪ, ಪ್ರವಾಹ, ಯುದ್ಧ, ಮುಷ್ಕರಗಳ ಪಟ್ಟಿಯಲ್ಲಿ ಸಾಂಕ್ರಾಮಿಕ ರೋಗದ ಹೆಸರಿರಲಿಲ್ಲ. ಈಗ ಹೆಸರು ಸೇರಿದೆ. ಆದರೆ ಸಭೆ "ಅಸಾಧ್ಯ"ವಾದರೆ ಮಾತ್ರ ಬಿಡುಗಡೆ ಎನ್ನುವ ಕರಾರುಗಳು ಇನ್ನೂ ಇವೆ. ಸರ್ಕಾರ 500 ಜನರ ಸಭೆಗೆ 50 ಜನರ ಮಿತಿ ಹಾಕಿದರೆ ಸಭೆ ಅಸಾಧ್ಯವಲ್ಲ, ವ್ಯರ್ಥ. ಹಾಗಾಗಿ "ನಿರೀಕ್ಷಿತ ಸಭಿಕರಲ್ಲಿ ಶೇ 50ಕ್ಕಿಂತ ಹೆಚ್ಚಿನವರು ಬರಲು ಸರ್ಕಾರಿ ಆದೇಶದಿಂದ ಅಡ್ಡಿಯಾದರೆ" ಎಂಬಂಥ ಎಣಿಸಬಹುದಾದ ಅಳತೆಯನ್ನು ಇಡಿ.

ಪ್ರಶ್ನೆ: ಹೊರಗಿನಿಂದ ಬರುವವರಿಗೆ ಹೋಟೆಲಿನಲ್ಲಿ ಮೂರು ರಾತ್ರಿಗೆ ನೂರು ನೂರು ಕೋಣೆ ಹಿಡಿದಿದ್ದೇವೆ. ಶೇ 80 ತುಂಬಿದರೆ ಸಾಕಂತೆ. ಇದರಲ್ಲಿ ಏನಾದರೂ ಸಿಕ್ಕು ಇದೆಯೆ?

ಉತ್ತರ: ಇದೆ, ಮತ್ತು ಲೆಕ್ಕ ಮಾಡಿ ನೋಡಿದರೇ ಕಾಣುವಂಥದ್ದು. ಮೂರು ರಾತ್ರಿಗೆ ಒಟ್ಟು 300 ಕೋಣೆಗಳು, ಅವುಗಳ ಶೇ 80 ಎಂದರೆ 240. ಮೊದಲ ರಾತ್ರಿ 60, ಎರಡನೆಯ ರಾತ್ರಿ 95, ಮೂರನೆಯ ರಾತ್ರಿ 85 ಕೋಣೆಗಳು ತುಂಬಿದವೆನ್ನೋಣ. ಕೂಡಿದರೆ ಸರಿಯಾಗಿ 240, ದಂಡವಿಲ್ಲ. ಆದರೆ ಕರಾರಿನಲ್ಲಿ "ಪ್ರತಿ ರಾತ್ರಿ ಶೇ 80" ಎಂದಿದ್ದರೆ ಮೊದಲ ರಾತ್ರಿ 80ರ ಬದಲು 60 ಮಾತ್ರ ತುಂಬಿದ್ದರಿಂದ 20 ಕೋಣೆಗಳ ಬಾಡಿಗೆಯನ್ನು ನೀವು ಕಟ್ಟಬೇಕು, ಮರುದಿನದ ಹೆಚ್ಚಳ ನಿಮ್ಮ ನೆರವಿಗೆ ಬಾರದು. ಜನ ಮೊದಲ ದಿನ ತಡವಾಗಿ ಬರುವುದೂ ಕೊನೆಯ ದಿನ ಬೇಗ ಹೊರಡುವುದೂ ಎಲ್ಲ ಸಮ್ಮೇಳನಗಳ ಸ್ವಭಾವ. "ಒಟ್ಟು ಕೋಣೆಗಳ ಮೇಲೆ" ಎಂಬ ಮೂರು ಪದಗಳನ್ನು ಬರೆಸಿಕೊಳ್ಳಿ. ಹೋಟೆಲಿಗೆ ನೇರವಾಗಿಯೋ ಬೇರೆ ಆ್ಯಪ್ ಮೂಲಕವೋ ಬುಕ್ ಮಾಡಿಕೊಂಡು ಬಂದ ನಿಮ್ಮ ಪ್ರತಿನಿಧಿಗಳನ್ನೂ ನಿಮ್ಮ ಲೆಕ್ಕಕ್ಕೇ ಸೇರಿಸಬೇಕು, ಒಂದು ನಿಗದಿತ ದಿನದವರೆಗೆ ದಂಡವಿಲ್ಲದೆ ಕೋಣೆಗಳ ಸಂಖ್ಯೆ ಇಳಿಸಿಕೊಳ್ಳಲು ಅವಕಾಶವಿರಬೇಕು. ಊಟದ ಕನಿಷ್ಠ ಸಂಖ್ಯೆಗೂ ಇದೇ ಮಾತು ಅನ್ವಯ. ಅಂತಿಮ ಸಂಖ್ಯೆ ಕೊಡುವ ದಿನ ಯಾವುದೆಂದು ನೋಡಿಕೊಳ್ಳಿ, ಆಮೇಲೆ ಅದು ಏರಬಹುದು, ಇಳಿಯುವುದಿಲ್ಲ.

ಪ್ರಶ್ನೆ: ಧ್ವನಿವರ್ಧಕ ಉಚಿತ, ಹಿಂದಿನ ಸಂಜೆಯೇ ಬಂದು ಅಲಂಕಾರ ಮಾಡಿಕೊಳ್ಳಬಹುದು ಎಂದು ಮ್ಯಾನೇಜರರು ಬಾಯಿಮಾತಿನಲ್ಲಿ ಹೇಳಿದ್ದಾರೆ. ಕರಾರಿನಲ್ಲಿ ಇವಿಲ್ಲ. ಕೇಳಿದರೆ "ನಂಬಿಕೆ ಇಲ್ಲವೆ?" ಎನ್ನುತ್ತಾರೆ.

ಉತ್ತರ: ನಂಬಿಕೆ ಇರಲಿ, ಆದರೆ ಕಾರ್ಯಕ್ರಮದ ದಿನ ಆ ಮ್ಯಾನೇಜರರು ಅಲ್ಲಿ ಕೆಲಸದಲ್ಲಿ ಇಲ್ಲದೆಯೂ ಇರಬಹುದು. "ಇದಕ್ಕೆ ಮೊದಲು ನಡೆದ ಮಾತುಕತೆಗಳೆಲ್ಲ ಈ ಕರಾರಿನಲ್ಲಿ ಅಡಕವಾಗಿವೆ" ಎಂಬ ಸಾಲು ಕೊನೆಯ ಪುಟದಲ್ಲಿದ್ದರೆ, ಬಾಯಿಮಾತನ್ನು ಆಮೇಲೆ ಎತ್ತಿಹಿಡಿಯುವುದು ಬಹಳ ಕಷ್ಟ. ಅವರನ್ನು ಮುಜುಗರಕ್ಕೆ ಸಿಕ್ಕಿಸದೆ ಹೀಗೆ ಇಮೇಲ್ ಮಾಡಿ: "ನಿನ್ನೆ ತಾವು ತಿಳಿಸಿದಂತೆ ಧ್ವನಿವರ್ಧಕ ಮತ್ತು ನಾಲ್ಕು ಮೈಕ್‌ಗಳಿಗೆ ಪ್ರತ್ಯೇಕ ಶುಲ್ಕವಿಲ್ಲ, ಹಿಂದಿನ ದಿನ ಸಂಜೆ 6ರಿಂದ 10ರವರೆಗೆ ಅಲಂಕಾರಕ್ಕೆ ಸಭಾಂಗಣ ತೆರೆದಿರುತ್ತದೆ. ಇವೆರಡನ್ನೂ ಅನುಬಂಧದಲ್ಲಿ ಸೇರಿಸಿ ಕಳುಹಿಸಿದರೆ ಸಹಿ ಮಾಡಿ ಮುಂಗಡ ಕಟ್ಟುತ್ತೇವೆ." ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ.

ಹೊತ್ತಿನ ವಿಷಯ ಬಂದದ್ದರಿಂದ ಸ್ವಂತ ಅನುಭವವೊಂದನ್ನು ಹೇಳುತ್ತೇನೆ. ಒಮ್ಮೆ ನಾವು ಗೊತ್ತುಮಾಡಿದ ಸಭಾಂಗಣ, ಮಡಚುವ ಗೋಡೆಯಿಂದ ಎರಡಾಗಿ ಭಾಗವಾಗಿದ್ದ ದೊಡ್ಡ ಕೋಣೆಯ ಅರ್ಧಭಾಗ. ನಾವು ನೋಡಲು ಹೋದ ದಿನ ಆಚೆ ಬದಿ ಖಾಲಿಯಿತ್ತು. ವಿಚಾರಗೋಷ್ಠಿಯ ದಿನ ಮೊದಲ ಪ್ರಬಂಧದ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಆಚೆಯಿಂದ ನೃತ್ಯಸ್ಪರ್ಧೆಯ ಸಂಗೀತ ಶುರುವಾಯಿತು. ಮೇಜಿನ ಮೇಲಿನ ಲೋಟದ ನೀರು ತಾಳಕ್ಕೆ ತಕ್ಕಂತೆ ನಡುಗುತ್ತಿತ್ತು. ಕರಾರನ್ನು ತಿರುವಿ ತಿರುವಿ ನೋಡಿದೆವು, ನೆರೆಯ ಸದ್ದಿನ ಬಗ್ಗೆ ಒಂದಕ್ಷರವಿಲ್ಲ. ಅಂದಿನಿಂದ "ಗೋಡೆಯಾಚೆ ಅದೇ ಹೊತ್ತಿನಲ್ಲಿ ಧ್ವನಿವರ್ಧಕ ಬಳಸುವ ಕಾರ್ಯಕ್ರಮಕ್ಕೆ ಅವಕಾಶ ಕೊಡತಕ್ಕದ್ದಲ್ಲ" ಎಂಬ ಸಾಲು ನನ್ನ ಕರಾರುಗಳಲ್ಲಿ ಕಾಯಂ ಆಗಿದೆ. ಬಾಡಿಗೆಯ ಹೊತ್ತು ಬಾಗಿಲು ತೆರೆಯುವುದರಿಂದ ಆರಂಭವಾಗುತ್ತದೆಯೋ ಕಾರ್ಯಕ್ರಮದಿಂದಲೋ, ಸಾಮಾನು ತೆಗೆಯಲು ಎಷ್ಟು ಸಮಯ, ಮೀರಿದ ಪ್ರತಿ ಗಂಟೆಗೆ ಎಷ್ಟು, ಜನರೇಟರ್ ಮತ್ತು ಹವಾನಿಯಂತ್ರಣದ ವೆಚ್ಚ ಬಾಡಿಗೆಯಲ್ಲಿ ಸೇರಿದೆಯೇ, ಹೊರಗಿನ ಅಡುಗೆಯವರನ್ನೂ ಅಲಂಕಾರದವರನ್ನೂ ಬಿಡುತ್ತಾರೆಯೇ ಎಂಬುದನ್ನೆಲ್ಲ ಅದೇ ಅನುಬಂಧದಲ್ಲಿ ಕೂಡಿಸಿಬಿಡಿ.

ಪ್ರಶ್ನೆ: "ಆವರಣದಲ್ಲಿ ಉಂಟಾಗುವ ಎಲ್ಲ ಬಗೆಯ ನಷ್ಟಕ್ಕೂ ಬಾಡಿಗೆದಾರರೇ ಹೊಣೆ" ಎಂಬ ಷರತ್ತಿಗೆ ಸಹಿ ಹಾಕಬಹುದೆ? ಭದ್ರತಾ ಠೇವಣಿಯನ್ನೂ ಕೇಳಿದ್ದಾರೆ.

ಉತ್ತರ: ಹಾಗೆಯೇ ಹಾಕಬೇಡಿ. ಅವರ ಹಳೆಯ ವಿದ್ಯುತ್ ತಂತಿಯಿಂದ ಬೆಂಕಿ ಹತ್ತಿದರೂ ಆ ಸಾಲಿನ ಪ್ರಕಾರ ಹೊಣೆ ನಿಮ್ಮದೆಂದು ವಾದಿಸಬಹುದು. "ಬಾಡಿಗೆದಾರರ ಅಥವಾ ಅವರು ಕರೆಸಿದವರ ಅಲಕ್ಷ್ಯದಿಂದ ಉಂಟಾದ" ಎಂಬ ಮಿತಿ ಹಾಕಿಸಿ. ಅವರ ಅಲಕ್ಷ್ಯಕ್ಕೆ ಅವರು ಹೊಣೆಯೆಂಬ ಸಾಲನ್ನೂ ಜೊತೆಗಿಡಿ. ವಿಮೆಯ ಪ್ರಮಾಣಪತ್ರ ಕೇಳಿದ್ದರೆ ಅದನ್ನು ಎಷ್ಟು ಮೊತ್ತಕ್ಕೆ, ಯಾವ ದಿನದೊಳಗೆ ಕೊಡಬೇಕೆಂದು ಈಗಲೇ ತಿಳಿದುಕೊಳ್ಳಿ, ಕೊನೆಯ ವಾರದಲ್ಲಿ ವಿಮೆ ಹುಡುಕುವುದು ತಲೆನೋವು.

ಠೇವಣಿಯ ಜಗಳ ಬಹುತೇಕ ಹಳೆಯ ಕಲೆಗಳ ಮೇಲೆ ನಡೆಯುತ್ತದೆ. ಬೀಗದ ಕೈ ಪಡೆಯುವಾಗ ಅವರ ಸಿಬ್ಬಂದಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಕೋಣೆಯನ್ನು ಒಂದು ಸುತ್ತು ಹಾಕಿ. ನೆಲದ ಗೀರು, ಗೋಡೆಯ ಮೊಳೆತೂತು, ವೇದಿಕೆಯ ಪರದೆ, ಕುರ್ಚಿಗಳ ಮುರುಕು, ಶೌಚಾಲಯದ ನಲ್ಲಿ ಎಲ್ಲವನ್ನೂ ಮೊಬೈಲ್‌ನಲ್ಲಿ ಚಿತ್ರ ತೆಗೆದು ಅಲ್ಲಿಂದಲೇ ಅವರ ಇಮೇಲ್‌ಗೆ ಕಳುಹಿಸಿ. ಹಾಗೆ ಕಳುಹಿಸಿದ ಚಿತ್ರದ ದಿನಾಂಕದ ಬಗ್ಗೆ ಆಮೇಲೆ ತಕರಾರು ಹುಟ್ಟುವುದಿಲ್ಲ. ಬಿಡುವಾಗಲೂ ಅದೇ ಸುತ್ತು, ಅದೇ ಚಿತ್ರಗಳು. ರಾತ್ರಿ ಹನ್ನೊಂದಕ್ಕೆ ಎಲ್ಲರೂ ದಣಿದು "ನಾಳೆ ನೋಡೋಣ" ಎನ್ನುತ್ತಾರೆ. ನಾಳೆ ಬೆಳಗ್ಗೆ ಅಲ್ಲಿ ಇನ್ನೊಬ್ಬರ ಕಾರ್ಯಕ್ರಮದ ಕುರ್ಚಿಗಳು ಎಳೆದಾಡಿರುತ್ತವೆ. ಸಿಬ್ಬಂದಿಯಿಂದ "ಯಾವ ಹಾನಿಯೂ ಇಲ್ಲ" ಎಂದು ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡ ಮೇಲೆಯೇ ಬೀಗದ ಕೈ ಹಿಂದಿರುಗಿಸಿ.